ಹರಗೋಲಿನಲ್ಲಿ ಮಾವ, ನಾನು ಮತ್ತು ಒಂದು ಮೋರಿ

ಅಳಿಯನಾದವನು ಮಾವನ ಎದುರಿಗೆ ‘ನನಗೆ ಬರುವುದಿಲ್ಲ’ ಎಂದು ಒಪ್ಪಿಕೊಳ್ಳುವುದು ಬಹಳ ಕಷ್ಟ. ಅದರಲ್ಲೂ ಅಳಿಯ ಮಾಸ್ತರನಾಗಿದ್ದರೆ ಮುಗಿದೇ ಹೋಯಿತು. ಸಿಂಧನೂರಿನ ಶಾಲೆಯಲ್ಲಿ ವರ್ಷಗಟ್ಟಲೆ ನೀರಾವರಿಯ ಪಾಠ ಮಾಡಿದ ನಾನು ಕಾಲುವೆಗೆ ಮೊಣಕಾಲಿನ ತನಕ ಇಳಿದವನೂ ಅಲ್ಲ. ಕಪ್ಪುಹಲಗೆಯ ಮೇಲೆ ಮಾತ್ರ ಬೇಕಾದಷ್ಟು ಕಾಲುವೆ ಎಳೆದಿದ್ದೇನೆ.

ನಮ್ಮ ಮಾವ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು. ಮಾತು ಕಡಿಮೆ. ನಮ್ಮಲ್ಲಿಗೆ ಬಂದಾಗಲೆಲ್ಲ ಕಾಲುವೆಯ ದಂಡೆಗೆ ಹೋಗಿ ಸುಮ್ಮನೆ ಕೂಡುತ್ತಿದ್ದರು. ಒಂದು ದಿನ ಚಹಾ ಕುಡಿಯುತ್ತ, “ಮಾಸ್ತರ, ನೆಲದ ಕೆಳಗ ಭಾಳ ತಿರುಗೀನಿ. ನೀರಿನ ಮ್ಯಾಲೆ ಒಮ್ಮೆನೂ ಹೋಗಿಲ್ಲ ನೋಡ್ರಿ,” ಅಂದರು. “ಅದೇನ್ ದೊಡ್ಡದು ಬಿಡ್ರಿ ಮಾವ, ಐತವಾರ ನಾನೇ ಕರಕೊಂಡು ಹೋಗ್ತೀನಿ,” ಎಂದೆ. ಅಡುಗೆಮನೆಯಿಂದ ಹೆಂಡತಿ ಶಾಂತಾ, “ಬಾವಿ ಇಣುಕಿದ್ರ ತಲಿ ತಿರುಗತೈತಿ ನಿಮಗ!” ಎಂದಳು. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಭಾನುವಾರ ದಢೇಸುಗೂರಿನ ಪರಿಚಯದ ಮೀನುಗಾರನ ಹರಗೋಲು ತಂದು ಊರ ಹೊರಗಿನ ಉಪಕಾಲುವೆಗೆ ಇಳಿಸಿದೆವು. ಸೆಳವಿನ ಜೊತೆ ತೇಲುತ್ತ ಊರು ದಾಟಿ ಆಚೆ ಇಳಿಯುವುದು ನನ್ನ ಯೋಜನೆ. ಹರಗೋಲು ಅಂದರೆ ದೊಡ್ಡ ಬುಟ್ಟಿ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ನಾನು ಹುಟ್ಟು ಹಾಕಿದಷ್ಟೂ ಅದು ಗಿರಗಿರ ತಿರುಗಿತು. ಭತ್ತದ ಗದ್ದೆ, ಅಕ್ಕಿ ಗಿರಣಿ, ಮಾವನವರ ಮುಖ, ಮತ್ತೆ ಭತ್ತದ ಗದ್ದೆ. ಊರೊಳಗೆ ಬಟ್ಟೆ ಒಗೆಯುತ್ತಿದ್ದವರಲ್ಲಿ ಒಬ್ಬಾಕೆ, “ಯಕ್ಕಾ, ಸಾಲಿ ಮಾಸ್ತರ ತೇಲಿ ಬಂದಾರ!” ಎಂದು ಕೂಗಿದಳು. ಕಾಲುವೆಯಲ್ಲಿ ಸಾಮಾನ್ಯವಾಗಿ ಹೆಣಗಳ ಬಗ್ಗೆ ಹಾಗೆ ಹೇಳುತ್ತಾರೆಂದು ನೆನೆದು, ಬದುಕಿದ್ದೇನೆಂದು ತೋರಿಸಲು ಕೈ ಬೀಸಿದೆ.

ಮುಂದೆ ರಸ್ತೆಯ ಕೆಳಗೆ ಉದ್ದನೆಯ ಮೋರಿ. ದಿನಾ ಅದರ ಮೇಲೆಯೇ ಗಾಡಿ ಓಡಿಸುವ ನನಗೆ ಅದರ ಒಳಚಾವಣಿ ಅಷ್ಟು ತಗ್ಗೆಂದು ಹೇಗೆ ಗೊತ್ತಾಗಬೇಕು? ಸೆಳವು ನಮ್ಮನ್ನು ಒಳಕ್ಕೆ ಎಳೆದುಕೊಂಡಿತು. ನಡುವೆ ಪ್ಲಾಸ್ಟಿಕ್ ಚೀಲ, ಜಾಲಿ ಟೊಂಗೆ ತುಂಬಿದ್ದ ಕಡೆ ಹರಗೋಲು ಸಿಕ್ಕಿಕೊಂಡಿತು. ಕಗ್ಗತ್ತಲೆ. ನೀರು ಅಂಚು ದಾಟಿ ಒಳಗೆ ಬರತೊಡಗಿತು. ತಲೆ ಎತ್ತಿದರೆ ಕಲ್ಲು. ನಾನು ಹುಟ್ಟು ಕೈಬಿಟ್ಟು ಚೀರಿದೆ.

“ಮಾಸ್ತರ,” ಎಂದರು ಮಾವ, ಚಹಾ ಕುಡಿಯುವಾಗಿನದೇ ದನಿಯಲ್ಲಿ. “ಚೀರಬ್ಯಾಡ್ರಿ. ಉಸಿರು ಸಾವಕಾಶ ತಗೋರಿ. ಎರಡೂ ಕೈ ಮ್ಯಾಲಿನ ಕಲ್ಲಿಗಿ ಹಚ್ಚರಿ. ಹಚ್ಚಿದ್ರಿ? ನಾ ಅಂದಾಗ ಹಿಂದಕ್ಕ ನೂಕ್ರಿ.” ಅವರು ಬಗ್ಗಿ ಟೊಂಗೆ ಕೀಳುವ ಸಪ್ಪಳ ಕೇಳಿಸಿತು. “ಹೂಂ, ನೂಕ್ರಿ.” ಹರಗೋಲು ಒಂದು ಗೇಣು ಮುಂದೆ ಸರಿಯಿತು. ಟೊಂಗೆ ಕೀಳುತ್ತಲೇ ಅವರು ಮಾತು ಮುಂದುವರಿಸಿದರು. “ಮೊದಲ ದಿನ ಗಣಿಯೊಳಗ ಇಳದಾಗ ನಾನೂ ಅತ್ತಿದ್ದೆ ರೀ. ಒಬ್ಬ ಮುದುಕ ಕೈ ಹಿಡಕೊಂಡು ಹಿಂಗ ಮಾತಾಡಿಸ್ಕೋತ ನಡಸಿದ. ಅವನ ಮುಖ ಹೊರಗ ಬಂದ ಮ್ಯಾಲೇ ನೋಡಿದೆ. ಹೂಂ, ನೂಕ್ರಿ.”

ಹದಿನೈದು ವರ್ಷದ ಅಳಿಯತನದಲ್ಲಿ ‘ಚಿನ್ನ ಕಂಡೀರೇನ್ರಿ ಮಾವ’ ಎಂದು ಎಷ್ಟೋ ಸಲ ಕೇಳಿದ್ದೆ. ಹೆದರಿಕೆ ಆಗಿತ್ತೇನು ಎಂದು ಕೇಳಿರಲಿಲ್ಲ. ಅದು ತಿಳಿಯಲು ನನಗೆ ಒಂದು ಮೋರಿ ಬೇಕಾಯಿತು.

ಬೆಳಕಿಗೆ ಬಂದಾಗ ಅವರ ಅಂಗೈಯಲ್ಲಿ ಜಾಲಿಮುಳ್ಳು ಚುಚ್ಚಿ ರಕ್ತ ಒಸರುತ್ತಿತ್ತು. ಅವರು ಅದನ್ನು ನೀರಲ್ಲಿ ಅದ್ದಿ, ಆಕಾಶ ನೋಡಿ, “ಭಾಳ ಚಲೋ ಅನಸ್ತು ರೀ,” ಎಂದರು. ನಾನು ದಂಡೆಗೆ ನಾಲ್ಕು ಕಾಲಿನ ಮೇಲೆ ಏರಿದೆ.

ಮನೆಯಲ್ಲಿ ಶಾಂತಾ ನನ್ನ ಒದ್ದೆ ಬಟ್ಟೆಯನ್ನೂ ಅಪ್ಪನ ಕೈಯನ್ನೂ ನೋಡಿ ಬಾಯಿ ತೆರೆಯುವಷ್ಟರಲ್ಲಿ ಮಾವ, “ಮಾಸ್ತರ ಇದ್ದದ್ದಕ್ಕ ಬಚಾವಾದೆ ನೋಡವಾ. ಅವರೇ ನೂಕಿ ಹೊರಗ ತಂದ್ರು,” ಎಂದುಬಿಟ್ಟರು. ನಾನು ತಲೆ ತಗ್ಗಿಸಿದೆ. ಅವಳು ಅದನ್ನು ವಿನಯ ಎಂದುಕೊಂಡು ನನಗೆ ಇನ್ನೊಂದು ರೊಟ್ಟಿ ಬಡಿಸಿದಳು. ಕಂಡವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದುವ ನಾನು ಅದೊಂದನ್ನು ತಿದ್ದದೆ, ರೊಟ್ಟಿ ತಿಂದೆ.