ಬನಿಯಾಸಿನ ಅನುಭವಸ್ಥ

ಜಯಪಾಲರ ದೂರು ಇಷ್ಟೇ: ದುಬೈಯ ಅಲ್ ಕುಸೈಸಿನಲ್ಲಿ ಅವರು ಏಸಿ ವಿದ್ಯೆಯ ಮಹಾಪಂಡಿತರು. ಅಲ್ಲಿಂದ ಹೆದ್ದಾರಿಯಲ್ಲಿ ಸ್ವಲ್ಪ ದೂರ ಕಾರು ಓಡಿಸಿ ಅಬುಧಾಬಿಯ ಗಡಿ ದಾಟಿದರೆ ಒಂದು ಸ್ಕ್ರೂ ತಿರುಗಿಸುವ ಅರ್ಹತೆಯೂ ಇಲ್ಲದ ಪಾಮರರು. ಅದೇ ಮರಳು, ಅದೇ ಬಿಸಿಲು, ಅದೇ ದಿರ್ಹಮು. ಆದರೆ ಅಲ್ಲಿಯ ಗುತ್ತಿಗೆದಾರನ ಲೈಸೆನ್ಸ್ ಇಲ್ಲಿ ನಡೆಯದು, ಇಲ್ಲಿಯದು ಅಲ್ಲಿ ನಡೆಯದು.

"ಬಿಸಿಗಾಳಿಗೆ ಗಡಿ ಇಲ್ಲ. ತಣ್ಣಗಿನ ಗಾಳಿಗೆ ಮಾತ್ರ ಯಾಕೆ ಉಂಟು ಹೇಳು ನೋಡುವ," ಎಂದು ಅವರು ದಿನವೂ ಊಟದ ಹೊತ್ತಿಗೆ ಹೆಂಡತಿಯನ್ನು ಕೇಳುತ್ತಿದ್ದರು.

"ನನ್ನನ್ನು ಎಂತ ಕೇಳುವುದು ಮಾರಾಯ್ರೆ? ಗಡಿ ಹಾಕಿದ್ದು ನಾನಾ?" ಎಂದು ಅಮ್ಮಣ್ಣಿಯವರು ಸಾರು ಬಡಿಸುತ್ತಿದ್ದರು.

ಅದು ೨೦೧೧ನೆಯ ಇಸವಿ. ದುಬೈಯಲ್ಲಿ ಕಟ್ಟಡಗಳೆಲ್ಲ ಅರ್ಧಕ್ಕೆ ನಿಂತು, ಕ್ರೇನುಗಳು ಕೊಕ್ಕರೆಗಳಂತೆ ಒಂಟಿಕಾಲಿನಲ್ಲಿ ಧ್ಯಾನ ಮಾಡುತ್ತಿದ್ದ ಕಾಲ. ಜಯಪಾಲರ ಕೈಕೆಳಗೆ ಕಾರ್ಕಳದ ಕಡೆಯ ನಾಲ್ವರು ಕೆಲಸಗಾರರಿದ್ದರು. ಹೊಸ ಕೆಲಸ ಸಿಗದಿದ್ದರೆ ಅವರ ವೀಸಾ ರದ್ದು ಮಾಡಿ ಊರಿಗೆ ಕಳಿಸುವುದೊಂದೇ ದಾರಿ. ಅವರ ಮುಖ ನೋಡಲಾಗದೆ ಜಯಪಾಲರು ನೆಲ ನೋಡಿಕೊಂಡು ತಿರುಗುತ್ತಿದ್ದಾಗ, ಶಾಲೆಯ ಸಹಪಾಠಿ ಲಿಯೊನೆಲ್ ಅಬುಧಾಬಿಯಿಂದ ಫೋನ್ ಮಾಡಿದ. ಅಲ್ಲೊಂದು ದೊಡ್ಡ ಶಾಲೆಯ ಏಸಿ ಕೆಲಸ ಕೊಡಿಸಬಲ್ಲೆ, ಆದರೆ ತಿಂಗಳ ಕೊನೆಯೊಳಗೆ ಅಬುಧಾಬಿಯ ಲೈಸೆನ್ಸ್ ಮಾಡಿಸಿಕೊಳ್ಳಬೇಕು ಎಂದ.

ಲೈಸೆನ್ಸಿಗೆ ಅಲ್ಲೊಂದು ಆಫೀಸು ಬೇಕು. ಅಬುಧಾಬಿಯಲ್ಲಿಯೇ ಕೆಲಸ ಮಾಡಿ ಪಳಗಿದ ಒಬ್ಬ ಅನುಭವಸ್ಥನೂ ಬೇಕು. (ಲೈಸೆನ್ಸಿಲ್ಲದೆ ಕೆಲಸ ಮಾಡಬಾರದು, ಕೆಲಸ ಮಾಡದೆ ಲೈಸೆನ್ಸಿಲ್ಲ. ಈಜು ಬಂದ ಮೇಲೆಯೇ ನೀರಿಗಿಳಿ ಎಂಬ ನ್ಯಾಯ.) ಅನುಭವಸ್ಥನ ಮಾತು ಆಮೇಲೆ ನೋಡೋಣವೆಂದು ಜಯಪಾಲರು ಮೊದಲು ಅಬುಧಾಬಿಯ ಬನಿಯಾಸಿನಲ್ಲಿ ಹಳೆಯ ವಿಲ್ಲಾದ ಒಂದು ಭಾಗ ಹಿಡಿದರು. ಬಾಡಿಗೆ ನಂಬಲಾರದಷ್ಟು ಅಗ್ಗ. ಕಾರಣ ಕೇಳಿದರೆ ಎಲ್ಲಿ ಏರಿಸುತ್ತಾರೋ ಎಂದು ಕೇಳಲಿಲ್ಲ.

ಕಾರಣ ಮೊದಲ ಮಧ್ಯಾಹ್ನವೇ ತಾನಾಗಿ ಬಂತು.

ಅಮ್ಮಣ್ಣಿಯವರು ನೆಲ ಒರೆಸುತ್ತಿದ್ದರು. ಏಸಿಗೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ. ಹೊರಗೆ ಬೆಂಕಿ ಬಿಸಿಲು. ಆದರೂ ಕೋಣೆ ಸ್ವಲ್ಪಸ್ವಲ್ಪವಾಗಿ ತಣ್ಣಗಾಗುತ್ತ ಬಂದು, ಒರೆಸಿದ ನೀರು ಕಾಲಿಗೆ ಕೊರೆಯತೊಡಗಿತು. ಆಗ ಗೋಡೆಯ ಮೇಲಿನ ಏಸಿ ಗಾಳಿಕಿಂಡಿಯ ಒಳಗಿನಿಂದ ಯಾರೋ ಮೆಲ್ಲಗೆ ಕೆಮ್ಮಿದರು. ಕಿರಿಯರು ಮಾತಾಡುತ್ತಿರುವ ಕೋಣೆಗೆ ಹಿರಿಯರೊಬ್ಬರು ಬರುವಾಗ ಕೆಮ್ಮುವಂಥ ಕೆಮ್ಮು. ಅಮ್ಮಣ್ಣಿಯವರು ತಮಗರಿಯದೆಯೇ ಎದ್ದು ನಿಂತು ಸೆರಗು ಸರಿಮಾಡಿಕೊಂಡರು.

ಜಯಪಾಲರು ಏಣಿ ಹತ್ತಿ ಕಿಂಡಿಯ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟರು. ಒಳಗೆ ವರ್ಷಗಟ್ಟಲೆಯ ಧೂಳು. ಮುಚ್ಚಳದ ಒಳಮೈಯ ಧೂಳಿನಲ್ಲಿ ಐದು ಬೆರಳುಗಳ ಗುರುತಿತ್ತು. ಒಳಗಿನಿಂದ ಹೊರಕ್ಕೆ ಒತ್ತಿದ ಗುರುತು.

"ಎಂತ ಉಂಟು?" ಎಂದು ಕೆಳಗಿನಿಂದ ಅಮ್ಮಣ್ಣಿ.

"ಎಂತ ಇಲ್ಲ. ಪಾರಿವಾಳ," ಎಂದರು ಜಯಪಾಲರು. ಇಳಿಯುವಾಗ ಏಣಿಯ ಮೆಟ್ಟಿಲೊಂದು ಅವರಿಗೆ ಸಿಗಲಿಲ್ಲ.

ಅಲ್ ಕುಸೈಸಿಗೆ ಮರಳಿದವರೇ ವೆಂಕಟರಾಮಯ್ಯನವರಿಗೆ ಫೋನ್ ಮಾಡಿದರು. ಮೈಸೂರಿನ ವೆಂಕಟರಾಮಯ್ಯನವರು ವಾರವೆಲ್ಲ ಲೆಕ್ಕ ಬರೆದು ಶುಕ್ರವಾರ ಮಾತ್ರ ಹೋಮ, ಶಾಂತಿ ಮಾಡಿಸುವವರು.

"ಬನಿಯಾಸೇ?" ಎಂದು ಅವರು ಅನುಮಾನಿಸಿದರು. "ಅದು ಅಬುಧಾಬಿಗೆ ಸೇರುತ್ತಲ್ಲಪ್ಪ. ಗುರುಗಳು ನನಗೆ ಅಪ್ಪಣೆ ಕೊಟ್ಟಿರೋದು ದುಬೈ ಸೀಮೆಗೆ ಮಾತ್ರ. ಆ ಕಡೆ ನನ್ನ ಮಂತ್ರ ನಡೆಯೋದಿಲ್ಲ."

"ಮಂತ್ರಕ್ಕೂ ಗಡಿ ಉಂಟಾ ಸ್ವಾಮಿ?"

"ನಿಮ್ಮ ಲೈಸೆನ್ಸಿಗೆ ಇಲ್ಲವೇ?"

ಮರುದಿನ ಬನಿಯಾಸಿಗೆ ಹೋಗುವಾಗ ಕಾರಿನಲ್ಲಿ ಅಮ್ಮಣ್ಣಿಯವರೇ ದಾರಿ ಹೇಳಿದರು. "ನಾವು ತುಳುನಾಡಿನವರು. ಇರುವವರನ್ನು ಓಡಿಸುವ ಕ್ರಮ ನಮ್ಮಲ್ಲಿ ಉಂಟಾ? ನಾವು ಬಡಿಸುವುದು. ಪಾರಿವಾಳ ಅಂತ ಸುಳ್ಳು ಹೇಳಿದ್ದು ನನಗೆ ಗೊತ್ತಾಗಲಿಲ್ಲ ಅಂತ ಮಾಡಿದಿರಾ? ಪಾರಿವಾಳಕ್ಕೆ ಕೆಮ್ಮು ಉಂಟಾ?"

ಕಣ್ಣಿಗೆ ಕಾಣದವರಿಗೆ ಎಲೆಯಲ್ಲಿ ಕೋಳಿಸಾರು, ದೋಸೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುವುದು ಅವರ ಕಡೆಯ ಪದ್ಧತಿ. ಉಣ್ಣುವವರಿಗೆ ನಾಚಿಕೆಯಾಗಬಾರದಲ್ಲ. ಲೈಸೆನ್ಸಿನ ಇನ್‌ಸ್ಪೆಕ್ಟರ್ ಬರುವುದು ನಾಳೆ; ಅದಕ್ಕೆ ಮೊದಲು ಇವರ ಸಮಾಧಾನವಾಗಲಿ ಎಂದು, ಅಮ್ಮಣ್ಣಿಯವರು ಆಫೀಸಿನ ಮೇಜಿನ ಮೇಲೆಯೇ ಬಾಳೆಲೆ ಹಾಸಿ, ಮನೆಯಿಂದ ಕಟ್ಟಿ ತಂದ ನೀರುದೋಸೆ, ಕೋಳಿಸಾರು ಬಡಿಸಿ ಕೈಮುಗಿದರು. ಆಮೇಲೆ ಗಂಡಹೆಂಡಿರು ಹಿತ್ತಿಲಿಗೆ ಬಂದು ಬಾಗಿಲು ಎಳೆದುಕೊಂಡು, ತಲೆ ತಗ್ಗಿಸಿ ನಿಂತರು.

ಒಳಗೆ ಕುರ್ಚಿ ಸರಿದ ಸದ್ದಾಯಿತು.

"ಕೇಳಿತಾ?" ಎಂದು ಜಯಪಾಲರು ಹೆಂಡತಿಯ ಸೆರಗು ಹಿಡಿದರು.

"ಬಿಡಿ. ಕೂತಿದ್ದಾರೆ."

ಮೆಲ್ಲಗೆ ಮಾತಿನ ಸದ್ದು. ಒಂದಲ್ಲ, ಎರಡು ದನಿ. ಮಧ್ಯೆ ಮಧ್ಯೆ ಆ ಕೆಮ್ಮು. ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಹೊರಬಂದು ಪಾದ ಸವರಿತು. ಆ ಹೊತ್ತಿಗೆ ಬಾಗಿಲು ಒಳಗಿನಿಂದ ತಾನಾಗಿ ತೆರೆಯಿತು. ಹೊಸ್ತಿಲಲ್ಲಿ ನಖಶಿಖಾಂತ ಬಿಳಿಯ ನಿಲುವಂಗಿ ತೊಟ್ಟ ಎತ್ತರದ ಆಕೃತಿ.

"ತಪ್ಪಾಯಿತು ಸ್ವಾಮೀ," ಎಂದು ಜಯಪಾಲರು ಸಿಮೆಂಟಿನ ನೆಲದ ಮೇಲೆ ಉದ್ದಕ್ಕೆ ಬಿದ್ದರು.

"ಸಲಾಂ ಅಲೈಕುಂ," ಎಂದಿತು ಆಕೃತಿ, ತುಸು ಗಾಬರಿಯಿಂದ. "ನಾನು ಲೈಸೆನ್ಸ್ ಆಫೀಸಿನಿಂದ. ಈ ಕಡೆ ಬಂದಿದ್ದೆ, ಇವತ್ತೇ ನೋಡಿಬಿಡೋಣ ಎಂದು ಮುಂದಿನ ಬಾಗಿಲಿನಿಂದ ಬಂದೆ."

ಸುಡಾನ್ ದೇಶದ ಸಾತ್ತ್ವಿಕ ಮನುಷ್ಯ. ಹಿಂದಿ ಚೆನ್ನಾಗಿ ಬರುತ್ತಿತ್ತು. ಜಯಪಾಲರು ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಒಂದೇ ಉಸಿರಿನಲ್ಲಿ ತಮ್ಮ ದುಬೈ ಪ್ರತಾಪಗಳನ್ನು ವರ್ಣಿಸತೊಡಗಿದರು. ಇನ್‌ಸ್ಪೆಕ್ಟರ್ ಕೈಯೆತ್ತಿ ತಡೆದ.

"ದುಬೈಯದು ಇಲ್ಲಿ ಲೆಕ್ಕಕ್ಕಿಲ್ಲ, ಸಹೋದರ. ಆದರೆ ಚಿಂತೆ ಬೇಡ. ಒಳಗೆ ಊಟ ಮಾಡುತ್ತಿದ್ದ ಹಿರಿಯರ ಹತ್ತಿರ ಎಲ್ಲ ಕೇಳಿಕೊಂಡೆ."

"ಯಾವ ಹಿರಿಯರು?" ಎಂದರು ಜಯಪಾಲರು.

"ಬಹಳ ವಿನೋದದ ಮನುಷ್ಯ. ಏಸಿ ಬರುವ ಮೊದಲು ಮನೆಯೊಳಗೆ ಗಾಳಿ ಇಳಿಸುತ್ತಿದ್ದ ಗಾಳಿಗೋಪುರಗಳ ಕಾಲದಿಂದ ಮನೆಗಳನ್ನು ತಂಪು ಮಾಡುವುದೇ ತಮ್ಮ ಕೆಲಸವಂತೆ. ಅರಬಿ ಮಾತ್ರ ನನ್ನ ಅಜ್ಜನ ಕಾಲದ್ದು. ನಾನು ಏನು ಕೇಳಿದರೂ ಉತ್ತರ ತುದಿನಾಲಿಗೆಯಲ್ಲಿತ್ತು. ನೀವು ಹಾಕಿದ ಏಸಿಯ ನೀರಿನ ಪೈಪಿನ ಇಳಿಜಾರು ತಪ್ಪು ಎಂದೂ ಹೇಳಿದರು. ನೋಡಿದೆ, ತಪ್ಪೇ."

ಜಯಪಾಲರು ಮೆಲ್ಲಗೆ ಒಳಗೆ ಇಣುಕಿದರು. ಕುರ್ಚಿ ಖಾಲಿ. ಎಲೆ ತೊಳೆದಿಟ್ಟಂತೆ ಹಸಿರಾಗಿತ್ತು. ಮೂಳೆಗಳು ಒಂದು ಬದಿಗೆ ಅಚ್ಚುಕಟ್ಟಾಗಿ ಕೂತಿದ್ದವು.

"ಅವರೇ ನಿಮ್ಮ ಅನುಭವಸ್ಥ ಎಂದು ಬರೆದುಕೊಂಡಿದ್ದೇನೆ," ಎಂದ ಇನ್‌ಸ್ಪೆಕ್ಟರ್. "ನಾಳೆ ಅವರ ಪಾಸ್‌ಪೋರ್ಟಿನ ಪ್ರತಿ ತಂದುಕೊಡಿ. ಖಲಾಸ್, ಲೈಸೆನ್ಸ್ ನಿಮ್ಮದು."

ಅವನು ಹೋದ ಮೇಲೆ ಅಮ್ಮಣ್ಣಿಯವರು ಎಲೆ ಮಡಚಿ ಎತ್ತಿದರು. ಗಂಡನತ್ತ ತಿರುಗಿ, "ಕೇಳಿ ನೋಡಿ," ಎಂದರು.

"ಯಾರ ಹತ್ತಿರ?"

"ಮತ್ಯಾರ ಹತ್ತಿರ? ನಾಲ್ಕು ಕೆಲಸದ ಹುಡುಗರ ಅನ್ನದ ಪ್ರಶ್ನೆ. ನಿಮಗೆ ಹೆದರಿಕೆಯಾದರೆ ಕಣ್ಣು ಮುಚ್ಚಿಕೊಂಡು ಕೇಳಿ."

ನಿನ್ನೆಯವರೆಗೆ ಯಾರನ್ನು ಓಡಿಸಬೇಕೆಂದು ಪರದಾಡಿದ್ದರೋ ಅವರ ಮುಂದೆ ಜಯಪಾಲರು ಕೈಜೋಡಿಸಿ ನಿಂತರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. "ಹಿರಿಯರೇ," ಎಂದು ಗಾಳಿಕಿಂಡಿಗೆ ವಿನಯದಿಂದ ಹೇಳಿದರು, "ತಮ್ಮ ಪಾಸ್‌ಪೋರ್ಟಿನದೊಂದು ಪ್ರತಿ ಆಗಬೇಕಿತ್ತು."

ಕಿಂಡಿಯೊಳಗೆ ಉಸಿರು ನಿಂತಂತಾಯಿತು. ಏನೋ ಸರಸರನೆ ಸರಿಯುತ್ತ ದೂರ ದೂರ ಹೋಯಿತು. ನೋಡನೋಡುತ್ತಿದ್ದಂತೆ ಕೋಣೆ ಒಲೆಯ ಹಾಗೆ ಕಾದುಬಿಟ್ಟಿತು. ಯಾವ ಮಂತ್ರಕ್ಕೂ ಬಗ್ಗದಿರಬಹುದಾದವರು ಒಂದು ಕಾಗದದ ಮಾತಿಗೆ ಮನೆ ಬಿಟ್ಟಿದ್ದರು.

ಆಮೇಲೆ ಎಷ್ಟು ಬಡಿಸಿದರೂ ಎಲೆ ಹಾಕಿದಂತೆಯೇ ಉಳಿಯಿತು. ಲೈಸೆನ್ಸಿಲ್ಲದೆಯೇ ತಿಂಗಳು ಮುಗಿಯಿತು. ಲಿಯೊನೆಲ್ ಶಾಲೆಯ ಕೆಲಸವನ್ನು ಅಬುಧಾಬಿಯದೇ ಇನ್ನೊಂದು ಕಂಪೆನಿಗೆ ಕೊಟ್ಟ; ಗೆಳೆಯನ ಮುಖ ನೋಡಿ ನಾಲ್ವರು ಕೆಲಸಗಾರರನ್ನೂ ಅದಕ್ಕೇ ಸೇರಿಸಿದ. ಹುಡುಗರ ಅನ್ನ ಉಳಿಯಿತಲ್ಲ ಎಂದು ಜಯಪಾಲರು ಸಮಾಧಾನಪಟ್ಟುಕೊಂಡಿರುವಾಗ, ಅವರಲ್ಲೊಬ್ಬನಾದ ತಿಲಕ್ ಫೋನ್ ಮಾಡಿದ.

"ಇಲ್ಲಿ ಒಳ್ಳೆದುಂಟು, ಜಯಣ್ಣ. ಕೆಲಸ ನೋಡಿಕೊಳ್ಳಲಿಕ್ಕೆ ಹಿರಿಯರೊಬ್ಬರು ಹೊಸತಾಗಿ ಬಂದಿದ್ದಾರೆ. ಎಲ್ಲಿಂದ ಬಂದರು ಅಂತ ಯಾರಿಗೂ ಗೊತ್ತಿಲ್ಲ. ಸ್ವಲ್ಪ ಕೆಮ್ಮು. ಅವರು ಕೂತಲ್ಲಿ ಏಸಿಯೇ ಬೇಡ."

ಜಯಪಾಲರಿಗೆ ಒಂದೇ ಸಂಶಯ. "ಪಾಸ್‌ಪೋರ್ಟು?"

"ಈ ಕಂಪೆನಿಯವರು ಮರ್ಯಾದಸ್ಥರು, ಬಂದ ಕೂಡಲೇ ಅದನ್ನೆಲ್ಲ ಕೇಳುವುದಿಲ್ಲ ಅಂತ ಅವರು ಹೊಗಳುತ್ತಿದ್ದರು," ಎಂದ ತಿಲಕ್. "ಮತ್ತೆ, ನಿಮ್ಮನ್ನು ಗೊತ್ತುಂಟಂತೆ. ಜಯಪಾಲನಿಗೆ ಕೆಲಸ ಬೇಕಿದ್ದರೆ ಬರಲಿ, ನನ್ನ ಕೈಕೆಳಗೆ ಕಲಿಯಲಿ, ಬರುವಾಗ ನೀರುದೋಸೆ ತರಲಿ ಅಂದರು."

ಅಮ್ಮಣ್ಣಿಯವರು ಎದ್ದು ಅಕ್ಕಿ ನೆನೆಹಾಕಲು ಹೋದರು.