ರಸೆಲ್ ಮಾರುಕಟ್ಟೆಯಲ್ಲಿ ನಿಂತ ನೀಲಿ ಚುಕ್ಕೆ

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದೇನಲ್ಲ. ಹೇಳಿದ ಮೇಲೆ ಅದಕ್ಕೆ ವಿಜ್ಞಾನದ ಆಸರೆ ಕೊಡಲು ಹೋಗಿ ಸಿಕ್ಕಿಬೀಳುತ್ತೇನೆ. ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟರು ಹೇಳಿದಂದಿನಿಂದ ಸಂಜೆ ಹಲಸೂರು ಕೆರೆಯ ಬಳಿ ನಡೆಯುವುದು ನನಗೆ ವಿಧಿಸಿದ ಶಿಕ್ಷೆ. ನನ್ನ ಫೋನು ಎಲ್ಲಿದೆಯೆಂದು ತನ್ನ ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆಯಾಗಿ ಕಾಣುವಂತೆ ಹೆಂಡತಿ ಸುಮಿತ್ರಾ ಮಾಡಿಟ್ಟಿದ್ದಳು. ಅದು ನನಗೆ ಮರೆತೇಹೋಗಿತ್ತು. ಮೊನ್ನೆ ಕೆರೆಯ ಬದಲು ರಸೆಲ್ ಮಾರುಕಟ್ಟೆಯ ಹತ್ತಿರದ ಅಂಗಡಿಯಲ್ಲಿ ಕೂತು ಬಿಸಿ ಜಿಲೇಬಿ ತಿಂದು, ಬಾಯಿ ತೊಳೆದುಕೊಂಡು ಮನೆಗೆ ಬಂದೆ.

“ಎಲ್ಲಿಗೆ ಹೋಗಿದ್ರಿ?”

“ಕೆರೆಗೆ. ನಾಲ್ಕು ಸುತ್ತು.”

“ಮತ್ತೆ ನಿಮ್ಮ ಚುಕ್ಕೆ ರಸೆಲ್ ಮಾರ್ಕೆಟ್ ಹತ್ರ ಇತ್ತಲ್ಲ?”

“ಉಪಗ್ರಹ ಅಷ್ಟು ಮೇಲಿಂದ ನೋಡುತ್ತೆ ಕಣೇ. ಮೋಡ ಅಡ್ಡ ಬಂದಿರ್ಬೇಕು.”

ನನ್ನ ದುರದೃಷ್ಟಕ್ಕೆ ಮೇಲಿನ ಮನೆಯ ರೇಖಾ ಅಲ್ಲೇ ಕಾಫಿ ಕುಡಿಯುತ್ತಿದ್ದಳು. ಜಿಪಿಎಸ್ ರಿಸೀವರ್ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್. “ಉಪಗ್ರಹ ಏನೂ ನೋಡಲ್ಲ ಅಂಕಲ್. ‘ನಾನು ಇಲ್ಲಿದೀನಿ, ಈಗ ಇಷ್ಟು ಗಂಟೆ’ ಅಂತ ಹೇಳ್ತಾ ಇರುತ್ತೆ, ಅಷ್ಟೆ. ಆ ಸಿಗ್ನಲ್ ಬರೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿ ಫೋನೇ ದೂರ ಲೆಕ್ಕ ಹಾಕುತ್ತೆ. ಮೂರು ಉಪಗ್ರಹಗಳ ದೂರ ಸಿಕ್ರೆ ಜಾಗ ಗೊತ್ತಾಗುತ್ತೆ. ಆದ್ರೆ ಫೋನಿನ ಗಡಿಯಾರ ಅಷ್ಟು ಕರಾರುವಾಕ್ಕಲ್ಲ, ಅದನ್ನ ಸರಿ ಮಾಡ್ಕೊಳ್ಳೋಕೆ ನಾಲ್ಕನೇದೂ ಬೇಕು. ಮೋಡದಿಂದ ಏನೂ ಆಗಲ್ಲ.”

“ದೊಡ್ಡ ಕಟ್ಟಡ ಇದ್ರೆ?” ಎಂದು ಆಸೆಯಿಂದ ಕೇಳಿದೆ.

“ಹ್ಞಾಂ, ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬಂದ್ರೆ ತಡ ಆಗುತ್ತೆ. ಆಗ ದೂರ ಜಾಸ್ತಿ ಅಂದ್ಕೊಂಡು ತಪ್ಪು ಜಾಗ ತೋರಿಸುತ್ತೆ.”

“ಕೇಳಿದ್ಯಾ?” ಎಂದು ಸುಮಿತ್ರಾಳ ಕಡೆ ತಿರುಗಿದೆ. ಅವಳು ರೇಖಾಳನ್ನೇ ಕೇಳಿದಳು: “ಎಷ್ಟು ತಪ್ಪಾಗುತ್ತಮ್ಮಾ?”

“ಈ ಬೀದಿ ಪಕ್ಕದ ಬೀದಿ ಆಗ್ಬಹುದು ಆಂಟಿ. ಕೆರೆ ಮಾರ್ಕೆಟ್ ಆಗಲ್ಲ.”

ಜಿಲೇಬಿಯನ್ನು ಒಪ್ಪಿಕೊಂಡು ಬೈಗುಳಕ್ಕೆ ಸಿದ್ಧನಾದೆ. ಸುಮಿತ್ರಾ ಬೈಯಲಿಲ್ಲ. “ಅರ್ಧ ಗಂಟೆ ಆ ಚುಕ್ಕೆ ಅಲ್ಲಾಡ್ಲಿಲ್ಲ ರೀ. ಫೋನೂ ಎತ್ತಲಿಲ್ಲ ನೀವು. ಎಲ್ಲೋ ತಲೆ ಸುತ್ತಿ ಬಿದ್ದಿದೀರಿ ಅಂತ ಹೆದರಿ ಇವಳನ್ನ ಕರ್ದೆ” ಎಂದಳು. ಕಣ್ಣು ಕೆಂಪಾಗಿತ್ತು. ಅದನ್ನು ನಾನು ಆಗಷ್ಟೇ ಗಮನಿಸಿದ್ದು.

ಮರುದಿನ ನಿಜವಾಗಿಯೂ ಕೆರೆಗೆ ಹೋದೆ. ಎರಡನೆಯ ಸುತ್ತಿಗೆ ಏದುಸಿರು ಬಿಡುತ್ತಿದ್ದಾಗ ಫೋನು ಬಂತು.

“ಚುಕ್ಕೆ ಚೆನ್ನಾಗಿ ಓಡಾಡ್ತಾ ಇದೆ” ಎಂದಳು ಸುಮಿತ್ರಾ. “ಆದ್ರೆ ಅದು ಫೋನ್ ಎಲ್ಲಿದೆ ಅಂತ ಮಾತ್ರ ತೋರ್ಸುತ್ತಂತೆ, ನೀವೆಲ್ಲಿದೀರಿ ಅಂತ ಅಲ್ಲ. ಒಂದು ಫೋಟೋ ಕಳ್ಸಿ.”

ಬೆವರು ಒರೆಸಿಕೊಳ್ಳದೆ ಹಾಗೇ ತೆಗೆದು ಕಳಿಸಿದೆ. ಹಿಂದೆ ಕೆರೆಯ ನೀರು ಸಾಕಷ್ಟು ಕಾಣಲಿಲ್ಲವೆಂದು ಇನ್ನೊಂದನ್ನೂ ಕಳಿಸಬೇಕಾಯಿತು.