ಭಾನುವಾರವೇ ಹೊರಟ ಚೀಲ

ಮಗುವನ್ನು ಕಟ್ಟಿಕೊಂಡು ಒಂದೇ ದಿನದಲ್ಲಿ ಮದ್ರಾಸಿಗೆ ಹೋಗಿಬರುವುದು ಎಷ್ಟು ಕಷ್ಟ ಎಂಬುದನ್ನು ನನ್ನ ತಾಯಿ ಅಕ್ಕಯ್ಯಮ್ಮ ಈಗ ಕೆಂಗೇರಿಯ ಮನೆಮನೆಗೂ ಹೇಳಿಕೊಂಡು ಬರುತ್ತಿದ್ದಾಳೆ. (ಟಿಕೆಟ್ಟಿನಲ್ಲಿ ಚೆನ್ನೈ ಎಂದಿತ್ತು. ನಮ್ಮ ಮನೆಯಲ್ಲಿ ಆ ಊರಿನ ಹೆಸರು ಇನ್ನೂ ಬದಲಾಗಿಲ್ಲ.) ಆ ಮಗು ನಾನು. ನನಗೆ ಮುಂದಿನ ವರ್ಷ ನಿವೃತ್ತಿ.

ಸಹಕಾರ ಸಂಘದ ಕಚೇರಿಯಲ್ಲಿ ಮುನಿಯಪ್ಪನವರು, ಅಂದರೆ ನಾನು, ಕೆಮ್ಮಿದರೆ ಜವಾನನಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ನೆಟ್ಟಗೆ ಕೂರುತ್ತಾರೆ. ನನ್ನ ಮೀಸೆಗೆ ಅಲ್ಲಿ ಪ್ರತ್ಯೇಕ ಗೌರವವಿದೆ. ಆದರೆ ಮನೆಯಲ್ಲಿ ಕೆಮ್ಮಿದರೆ ಅಮ್ಮ ಮೆಣಸಿನ ಕಷಾಯ ತರುತ್ತಾಳೆ, ಕುಡಿಯುವ ತನಕ ಎದುರಿಗೇ ನಿಲ್ಲುತ್ತಾಳೆ.

ಯುಗಾದಿಯ ದಿನ ಒಬ್ಬಟ್ಟು ತಿನ್ನುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ಅಲ್ಲಾ ಮಗ, ಸೀರಂಗಪಟ್ಣದಲ್ಲಿ ನಿಮ್ಮಪ್ಪನ ಬೂದಿ ಕಾವೇರಿಗೆ ಬಿಟ್ಯಲ್ಲ, ಆ ನೀರು ಮುಂದುಕ್ಕೆ ಎಲ್ಲಿಗೋಗ್ತದೆ?"

"ಸಮುದ್ರಕ್ಕಮ್ಮ. ತಮಿಳುನಾಡು ದಾಟಿ ಸಮುದ್ರ ಸೇರುತ್ತೆ."

"ಮದ್ರಾಸಿನ ಸಮುದ್ರಾನಾ?"

"ಎಲ್ಲಾ ಒಂದೇ ನೀರು."

"ಹಂಗಾರೆ ಅವ್ರು ಈಗ ಅಲ್ಲವ್ರೆ ಅನ್ನು," ಎಂದು ಅಮ್ಮ ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡಳು. "ಒಂದ್ಸಲ ಹೋಗಿ ನೋಡ್ಕೊಂಡು ಬರಾನ ಕಣ್ಲಾ. ಒಬ್ರೇ ಅವ್ರೆ."

ಹುಟ್ಟಿದಾಗಿನಿಂದ ಅಮ್ಮ ನನ್ನನ್ನು ಏನೂ ಕೇಳಿದವಳಲ್ಲ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಹೊರಟುಬರುವಂತೆ ಅವತ್ತೇ ಟಿಕೆಟ್ ಮಾಡಿಸಿದೆ. ನಾನೊಬ್ಬನೇ ಕರೆದುಕೊಂಡು ಹೋಗಿ ತೋರಿಸುತ್ತೇನೆಂದು ಘನಗಂಭೀರವಾಗಿ ಪ್ರತಿಜ್ಞೆ ಮಾಡಿದೆ.

ಸಿಕ್ಕಿದ್ದು ಸೋಮವಾರದ ಟಿಕೆಟ್. ಅಮ್ಮ ಹಣೆ ಚಚ್ಚಿಕೊಂಡಳು. ಸೋಮವಾರ ಪೂರ್ವಕ್ಕೆ ಶೂಲ, ಆ ದಿಕ್ಕಿಗೆ ಹೊರಡಬಾರದು; ಮದ್ರಾಸು ಇರುವುದೇ ಪೂರ್ವಕ್ಕೆ. ಆದರೆ ಹಿರಿಯರು ಇದಕ್ಕೊಂದು ದಾರಿ ಮಾಡಿಟ್ಟಿದ್ದಾರೆ. ಹಿಂದಿನ ದಿನವೇ ಪ್ರಯಾಣದ ಚೀಲವನ್ನು ಆ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಆಯಿತು, ಪ್ರಯಾಣ ಆಗಲೇ ಶುರುವಾದಂತೆ. ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. (ಇಂಥ ಉಪಾಯ ನಮ್ಮ ಸಂಘದ ಲೆಕ್ಕಿಗನಿಗೂ ಹೊಳೆದದ್ದಿಲ್ಲ.) ಒಂದೇ ಕಟ್ಟಳೆ: ಹಾಗೆ ಇಟ್ಟ ಚೀಲ ಊರು ನೋಡದೆ ಮನೆಗೆ ವಾಪಸ್ಸು ಬರಬಾರದು.

ನಮ್ಮ ಮನೆಯ ಪೂರ್ವಕ್ಕಿರುವುದು ಚಿಕ್ಕಲಕ್ಷ್ಮಮ್ಮನ ಮನೆ. ಭಾನುವಾರ ಅಮ್ಮ ತನ್ನ ಚೀಲ ಹೊರಡಿಸುತ್ತಾ ನನ್ನ ಕಡೆ ಕೈಚಾಚಿದಳು.

"ನಿಂದೂ ಕೊಡ್ಲಾ."

"ನಂಗೆ ಅವೆಲ್ಲ ಬೇಡಮ್ಮ. ನಾನು ರೈಲಲ್ಲೇ ಹೊರಡ್ತೀನಿ."

"ರೀ, ಒಂದು ಟವಲ್ಲಾದ್ರೂ ಇಡಿ. ನಿಮ್ಮ ಗಂಟೇನು ಹೋಗುತ್ತೆ?" ಎಂದಳು ನನ್ನ ಹೆಂಡತಿ ಕುಸುಮಾ. "ಆಮೇಲೆ, ಅಲ್ಲಿ ಅತ್ತೆ ಕೈ ಮಾತ್ರ ಬಿಡಬೇಡಿ."

"ನಾನೇನು ಮಗೂನಾ?" ಎಂದು ಗದರಿದೆ.

ಮಾರನೆಯ ದಿನ ಮೊದಲ ಮೆಟ್ರೊದಲ್ಲಿ ಮೆಜೆಸ್ಟಿಕ್ಕಿಗೆ ಹೋಗಿ ರೈಲು ಹತ್ತಿದೆವು. ಕಿಟಕಿಯ ಪಕ್ಕ ಕೂರು ಎಂದು ನಾನು ಹೇಳುವ ಮೊದಲೇ ಅಮ್ಮ ನನ್ನನ್ನು ಅಲ್ಲಿಗೆ ತಳ್ಳಿದಳು. ಟಿಕೆಟ್ ನೋಡಲು ಬಂದವರಿಗೆ, "ಸ್ವಾಮಿ, ಹುಡುಗಂಗೆ ಗಾಳಿ ಬೇಕು, ಇಲ್ದಿದ್ರೆ ವಾಂತಿ ಮಾಡ್ಕೊಂತದೆ," ಎಂದು ವಿವರಿಸಿದಳು. ಅವರು ಹುಡುಗನಿಗಾಗಿ ಸೀಟಿನ ಕೆಳಗೆಲ್ಲ ನೋಡಿದರು. ನಾನು ಹೊರಗಿನ ಮಾವಿನ ತೋಪುಗಳ ಕಡೆ ಮುಖ ತಿರುಗಿಸಿದೆ. ಅಮ್ಮ ಚಿತ್ರಾನ್ನದ ಡಬ್ಬಿ ತೆಗೆದು, ಮೆಣಸಿನಕಾಯಿ ಆರಿಸಿ ಬದಿಗಿಟ್ಟು, ನನಗೆ ಕೊಟ್ಟಳು.

ಮರೀನಾ ತಲುಪಿದಾಗ ಸುಡುಬಿಸಿಲು. ರಸ್ತೆಯಿಂದ ನೀರಿನವರೆಗಿನ ಮರಳು ಮುಗಿಯುವಂತೆಯೇ ಕಾಣಲಿಲ್ಲ. ಅರ್ಧ ದಾರಿಗೇ ಅಮ್ಮನಿಗೆ ಏದುಸಿರು ಬಂತು. ಒಂದು ಅಂಗಡಿಯ ನೆರಳಿನಲ್ಲಿ ಕುಳಿತಳು. ಅಂಗಡಿಗಳ ಸಾಲು ಸಮುದ್ರವನ್ನು ಪೂರಾ ಮರೆಮಾಡಿತ್ತು.

"ತಾಳು ಮಗ, ಉಸಿರು ತಗಂಡು ಹತ್ರ ಹೋಗಾನ."

ಜೇಬುಗಳ್ಳರಿದ್ದಾರು ಎಂದು ಫೋನನ್ನು ಅಮ್ಮನ ಚೀಲಕ್ಕೆ ಹಾಕಿ ನಾನು ಎಳನೀರು ತರಲು ಹೋದೆ. ವಾಪಸ್ಸು ತಿರುಗಿ ನೋಡಿದರೆ ಎಲ್ಲ ಅಂಗಡಿಯ ಮೇಲೂ ಅದೇ ನೀಲಿ ಟಾರ್ಪಾಲು, ಎಲ್ಲ ಅಂಗಡಿಯ ಮುಂದೂ ಅದೇ ಬಜ್ಜಿಯ ಬಾಣಲೆ. ಅಮ್ಮ ಎಲ್ಲೂ ಇಲ್ಲ.

"ಅಮ್ಮಾ!" ಎಂದು ಕೂಗಿದೆ. ಅದು ಮದ್ರಾಸು. ಕಡಲೆ ಸುಂಡಲ್ ಮಾರುವವಳಿಂದ ಹಿಡಿದು ಅಲ್ಲಿದ್ದ ಸಮಸ್ತ ಹೆಂಗಸರೂ ತಿರುಗಿ ನೋಡಿದರು, ನಮ್ಮಮ್ಮ ಒಬ್ಬಳನ್ನು ಬಿಟ್ಟು.

ಆಮೇಲೆ ನಾನು ಎಳನೀರನ್ನು ಎದೆಗವಚಿಕೊಂಡು ಓಡಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಗೊತ್ತಿಲ್ಲದ ಊರು, ಬಿಸಿಲು, ಮುದಿ ಜೀವ. ಅಪ್ಪನನ್ನು ನೀರಿಗೆ ಬಿಟ್ಟುಬಂದವನು ಅಮ್ಮನನ್ನು ಮರಳಿಗೆ ಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ನಾನು ಅಳುತ್ತಿದ್ದೆ. ಸಂಘದವರು ಯಾರೂ ನೋಡಲಿಲ್ಲವೆಂದು ಭಾವಿಸಿದ್ದೇನೆ.

ಅಷ್ಟರಲ್ಲಿ ಪೊಲೀಸ್ ಚೌಕಿಯ ಧ್ವನಿವರ್ಧಕದಲ್ಲಿ ತಮಿಳು ಕೇಳಿಸಿತು. ನನಗೆ ಅರ್ಥವಾದದ್ದು 'ಮುನಿಯಪ್ಪ' ಮತ್ತು 'ಕೆಂಗೇರಿ' ಮಾತ್ರ. ಅಮ್ಮ ಸಿಕ್ಕಿದ್ದಾಳೆ! ಎದ್ದೆನೋ ಬಿದ್ದೆನೋ ಎಂದು ಅಲ್ಲಿಗೆ ಓಡಿದೆ.

ಅಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚೀಲ ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಒಬ್ಬ ಮಹಿಳಾ ಪೊಲೀಸ್. ಆಕೆಯ ಒಂದು ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಇನ್ನೊಂದರಲ್ಲಿ ಬಲೂನು. ಹರೆಯದಲ್ಲಿ ಕಲಾಸಿಪಾಳ್ಯದ ಮಾರುಕಟ್ಟೆಗೆ ಸೊಪ್ಪು ಹಾಕುತ್ತಿದ್ದ ಅಮ್ಮನಿಗೆ ತಮಿಳು ಚೆನ್ನಾಗಿ ಬರುತ್ತದೆ. ಆ ತಮಿಳಿನಲ್ಲಿ ತಾನು ಕೊಟ್ಟ ದೂರಿನ ಸಾರಾಂಶವನ್ನು ಆಮೇಲೆ ನನಗೆ ಹೇಳಿದಳು: ನನ್ನ ಮಗ ಕಳೆದುಹೋಗಿದ್ದಾನೆ, ಒಬ್ಬನೇ ಎಲ್ಲೂ ಹೋಗಿ ರೂಢಿಯಿಲ್ಲ, ಹೆದರಿದರೆ ಮಾತು ಬರುವುದಿಲ್ಲ, ಯಾರು ಕರೆದರೂ ಹಿಂದೆಯೇ ಹೋಗಿಬಿಡುತ್ತಾನೆ.

ನನ್ನನ್ನು ಕಂಡು ಪೊಲೀಸಮ್ಮ ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದಳು, ಮಗು ಎಲ್ಲಿ ಎಂದು. ಅಮ್ಮ ಎದ್ದುಬಂದು ಸೆರಗಿನಿಂದ ನನ್ನ ಮೀಸೆ ಒರೆಸಿದಳು.

"ಇದೇ ಕಣವ್ವ," ಎಂದಳು, ಕನ್ನಡದಲ್ಲೇ.

ಪೊಲೀಸಮ್ಮ ಒಂದು ಕ್ಷಣ ಯೋಚಿಸಿ ಬಿಸ್ಕತ್ತು, ಬಲೂನು ಎರಡನ್ನೂ ನನ್ನ ಕೈಗೇ ಕೊಟ್ಟಳು. ತೆಗೆದುಕೊಂಡೆ. ರೈಲಿಗೆ ಹೊತ್ತಾಗಿತ್ತು. ಅಮ್ಮ ನನ್ನ ಮಣಿಕಟ್ಟು ಹಿಡಿದವಳು ಸೀಟಿನಲ್ಲಿ ಕೂರಿಸಿದ ಮೇಲೆಯೇ ಬಿಟ್ಟಳು.

ರೈಲು ಹೊರಟಾಗ ನನಗೆ ಹೋದ ಕೆಲಸದ ನೆನಪಾಯಿತು.

"ಅಮ್ಮ, ಚೌಕಿಯ ಹಿಂದೆಯೇ ಸಮುದ್ರ ಇತ್ತಲ್ಲ. ನೋಡಿದ್ಯಾ?"

"ಎಲ್ಲಿ ನೋಡ್ಲಿ? ನೀನು ಬರ್ತೀಯೇನೋ ಅಂತ ಜನಗಳ ಕಡೀಕೇ ಮುಖ ಮಾಡ್ಕಂಡು ಕುಂತಿದ್ದೆ. ಬೆನ್ನ ಹಿಂದೆ ಸದ್ದು ಕೇಳಿಸ್ತಿತ್ತು."

ನಾನು ತಲೆ ತಗ್ಗಿಸಿದೆ. ಅಮ್ಮ ನನ್ನ ತೊಡೆ ತಟ್ಟಿದಳು.

"ಇರ್ಲಿ ಬಿಡ್ಲಾ. ಅವ್ರು ಎಲ್ಲೂ ಹೋಗಲ್ಲ, ಅಲ್ಲೇ ಇರ್ತಾರೆ. ಕಳೆದೋಗೋನು ನೀನು. ಚೀಲ ಇಡು ಅಂದ್ರೆ ಇಡ್ಲಿಲ್ಲ."

ಬಲೂನು ಹಿಡಿದುಕೊಂಡು ಅತ್ತ ಗಂಡಸನ್ನು ಆ ಬೋಗಿಯವರು ಹಿಂದೆಂದೂ ನೋಡಿರಲಿಕ್ಕಿಲ್ಲ. ಮನೆಗೆ ಬಂದ ಕೂಡಲೇ ಅಮ್ಮನ ಆಜ್ಞೆಯಂತೆ ಕುಸುಮಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ನನಗೆ ದೃಷ್ಟಿ ತೆಗೆದಳು.

ಮೊನ್ನೆ ಮತ್ತೆ ಮದ್ರಾಸಿನ ಪ್ರಯಾಣ ನಿಗದಿಯಾಯಿತು, ಮತ್ತೆ ಸೋಮವಾರವೇ. ಈ ಸಲ ನಾನು ಪಾಠ ಕಲಿತಿದ್ದೆ. ಭಾನುವಾರ ಯಾರೂ ಹೇಳದೆಯೇ ಟವಲ್ಲು, ಲುಂಗಿ, ಒಂದು ಶರ್ಟು ತುಂಬಿದ ಚೀಲವನ್ನು ಚಿಕ್ಕಲಕ್ಷ್ಮಮ್ಮನ ಮನೆಯಲ್ಲಿ ಇಟ್ಟುಬಂದೆ. ಬೆಳಗಿನ ಜಾವ ಮೀಸೆ ತೀಡಿಕೊಂಡು ಗೇಟಿನ ಹತ್ತಿರ ಬಂದರೆ ಅಮ್ಮ, ಕುಸುಮಾ, ಚಿಕ್ಕಲಕ್ಷ್ಮಮ್ಮ ಮೂವರೂ ಸಿದ್ಧರಾಗಿ ನಿಂತಿದ್ದರು.

"ನೀನೆಲ್ಲಿಗ್ಲಾ? ನಾವು ಮೂರೇ ಟಿಕೆಟ್ ಮಾಡ್ಸಿರೋದು," ಎಂದಳು ಅಮ್ಮ.

"ಮತ್ತೆ ನನ್ನ ಚೀಲ?"

ಮೂವರೂ ಮುಖ ಮುಖ ನೋಡಿಕೊಂಡರು. ಕಟ್ಟಳೆ ಕಟ್ಟಳೆಯೇ. ಇಟ್ಟ ಚೀಲ ಊರು ನೋಡದೆ ಮನೆಗೆ ಬರಬಾರದು. ಅಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟಳು.

ಮಧ್ಯಾಹ್ನ ಕುಸುಮಾ ಫೋಟೊ ಕಳಿಸಿದಳು. ಮೊಳಕಾಲುದ್ದ ನೀರಿನಲ್ಲಿ ಅಮ್ಮ ಸಮುದ್ರಕ್ಕೆ ಕೈಮುಗಿದು ನಿಂತಿದ್ದಾಳೆ. ಹೆಗಲ ಮೇಲೆ ನನ್ನ ಚೀಲ. ಆ ಫೋಟೊವನ್ನು ತುಂಬ ಹೊತ್ತು ನೋಡಿದೆ. ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿಹೋಯಿತು.